ಮೈ, ಕನ್ನಡಿ, ಒಂದು ಮೊಳ ದೂರ

ಈ ತಿಂಗಳ ಛಾಯಾಗ್ರಹಣ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಮನುಷ್ಯನ ಮೈಯನ್ನು ಹಿಗ್ಗಿಸಿ, ಬಾಗಿಸಿ, ಕಲಕಿ ತೆಗೆಯುವ ಚಿತ್ರಗಳದ್ದು. ಆರು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ತಮ್ಮನಿಗೆ ಕ್ಯಾಮೆರಾ ಕಡೆ ಕೈ ಚಾಚಲು ಹೇಳಿ 18–55 ಎಂ.ಎಂ. ಲೆನ್ಸಿನಲ್ಲಿ ತೆಗೆದೆ. ಕೈ ಭಾರಿ ದೊಡ್ಡದಾಗಿ ಬಂತು, ಆದರೆ ಮಸುಕು. ಒಬ್ಬರಿಗೆ ತೋರಿಸಿದರೆ ‘ಇದು ವೈಡ್ ಲೆನ್ಸಿನ ದೋಷ, ಹಿಂದೆ ಸರಿದು ತೆಗಿ’ ಎಂದರು. ನನಗೆ ಆ ದೊಡ್ಡ ಕೈಯೇ ಬೇಕು. — ನಿಟುವಳ್ಳಿ, ದಾವಣಗೆರೆ

ಉತ್ತರ: ಹಿಂದೆ ಸರಿಯಬೇಡಿ. ಕೈ ದೊಡ್ಡದಾಗುವುದು ಲೆನ್ಸಿನಿಂದಲ್ಲ, ದೂರದಿಂದ. ಅಂಗೈ ಲೆನ್ಸಿನಿಂದ 40 ಸೆಂ.ಮೀ., ಅಂದರೆ ಮೊಳಕ್ಕೆ ತುಸು ಕಡಿಮೆ ದೂರದಲ್ಲಿದ್ದು, ಮುಖ 1 ಮೀಟರ್ ದೂರದಲ್ಲಿದ್ದರೆ ಕೈ ಮುಖಕ್ಕಿಂತ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಕೈ 2 ಮೀಟರಿಗೂ ಮುಖ 2.6 ಮೀಟರಿಗೂ ಹೋದರೆ ವ್ಯತ್ಯಾಸ 1.3 ಪಟ್ಟಿಗೆ ಇಳಿಯುತ್ತದೆ. ವೈಡ್ ಲೆನ್ಸ್ ಮಾಡುವುದಿಷ್ಟೇ: ಅಷ್ಟು ಹತ್ತಿರ ಹೋದರೂ ಇಡೀ ಮೈಯನ್ನು ಚೌಕಟ್ಟಿನೊಳಗೆ ಹಿಡಿಸುತ್ತದೆ.

ಮಸುಕಿಗೆ ಕಾರಣ ನೀವು ಮುಖಕ್ಕೆ ಫೋಕಸ್ ಮಾಡಿದ್ದು. ನಿಮ್ಮ ಕ್ಯಾಮೆರಾದ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಎಪಿಎಸ್-ಸಿ, ಅಂದರೆ ಹಳೆಯ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಅಳತೆಯದ್ದಾದರೆ ಲೆನ್ಸನ್ನು 18 ಎಂ.ಎಂ.ಗೆ ಇಟ್ಟು, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಎಫ್/16 ಮಾಡಿ, ಕೈಗೂ ಮುಖಕ್ಕೂ ನಡುವೆ, 60 ಸೆಂ.ಮೀ. ದೂರದಲ್ಲಿ ಫೋಕಸ್ ಕಟ್ಟಿ. ಆಗ ಸುಮಾರು 38 ಸೆಂ.ಮೀ.ನಿಂದ 1.45 ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಆಟೊಫೋಕಸ್ ಆ ನಡುವಿನ ಖಾಲಿ ಜಾಗವನ್ನು ಹಿಡಿಯಲಾರದು. ಹಾಗಾಗಿ 60 ಸೆಂ.ಮೀ. ದೂರದಲ್ಲಿ ಒಂದು ಪುಸ್ತಕ ಹಿಡಿಸಿ, ಅದರ ಅಕ್ಷರಕ್ಕೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ತಿರುಗಿಸಿ, ಪುಸ್ತಕ ತೆಗೆಯಿರಿ. ಎಫ್/16ರಲ್ಲಿ ಕಿಟಕಿ ಬೆಳಕು ಸಾಲದು. ಐಎಸ್‌ಒ (ಬೆಳಕು ಗ್ರಹಿಸುವ ಸೂಕ್ಷ್ಮತೆ) 1600 ಇಟ್ಟರೂ ಷಟರ್ ವೇಗ 1/30 ಸೆಕೆಂಡಿನ ಹತ್ತಿರ ಬರುತ್ತದೆ, ಟ್ರೈಪಾಡ್ ಬೇಕೇ ಬೇಕು. ಮುಂಚಾಚಿದ ಕೈ ಬೇಗ ನಡುಗುತ್ತದೆ. ಮೊಣಕೈ ಕೆಳಗೆ ಚೌಕಟ್ಟಿಗೆ ಕಾಣದಂತೆ ಒಂದು ಸ್ಟೂಲೋ ದಿಂಬೋ ಕೊಡಿ.

ಇನ್ನೊಂದು ಹಿಗ್ಗುವಿಕೆ ಬೇರೆ ಜಾತಿಯದು, ಇದನ್ನು ಮೊದಲನೆಯದರ ಜೊತೆ ಕಲಸಿಕೊಳ್ಳಬೇಡಿ. ವೈಡ್ ಲೆನ್ಸಿನ ಚೌಕಟ್ಟಿನ ಮೂಲೆಗೆ ತಲೆ ಬಂದರೆ ಅದು ಮೂಲೆಯತ್ತ ಎಳೆದಂತೆ ಉದ್ದವಾಗುತ್ತದೆ. ನಿಮ್ಮ 18 ಎಂ.ಎಂ.ನಲ್ಲಿ ಕಟ್ಟಕಡೆಯ ಮೂಲೆಯಲ್ಲಿ ಸುಮಾರು ಒಂದೂಕಾಲು ಪಟ್ಟು, 10 ಎಂ.ಎಂ. ಲೆನ್ಸಿನಲ್ಲಿ ಒಂದೂಮುಕ್ಕಾಲು ಪಟ್ಟು. ಕೈ ಹೇಳುವ ಮಾತನ್ನು ಎಳೆದ ತಲೆ ಕೆಡಿಸುತ್ತದೆ. ಮುಖವನ್ನು ನಡುವೆ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ತೆಗೆಯುವವರು ಅಲ್ಟ್ರಾವೈಡ್‌ನ ಆಕಾರ ತಿದ್ದುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬೇಕು. ಇಲ್ಲವಾದರೆ ಅಂಚಿನ ಮೈಯನ್ನು ಫೋನೇ ತಿದ್ದಿಬಿಡುತ್ತದೆ.

ಆ ದೊಡ್ಡ ಕೈಯನ್ನು ದೋಷ ಎಂದವರಿಗೆ ಬ್ರಿಟಿಷ್ ಛಾಯಾಗ್ರಾಹಕ ಬಿಲ್ ಬ್ರಾಂಟ್‌ನ ಚಿತ್ರಗಳನ್ನು ತೋರಿಸಿ. ಪೊಲೀಸರು ಅಪರಾಧ ನಡೆದ ಜಾಗ ದಾಖಲಿಸಲು ಬಳಸುತ್ತಿದ್ದ ಬಗೆಯ, ತೀರಾ ಅಗಲ ನೋಟದ, ಸೂಜಿಕಣ್ಣಿನಷ್ಟು ಅಪರ್ಚರಿನ ಹಳೆಯ ಕೊಡಕ್ ಕ್ಯಾಮೆರಾದಲ್ಲಿ ಆತ ಲಂಡನ್ನಿನ ಕೋಣೆಗಳಲ್ಲಿ ನಗ್ನ ದೇಹಗಳನ್ನು ತೆಗೆದ. ಮುಂದೆ ಕಡಲತೀರಗಳಿಗೆ ಹೋಗಿ ಮೊಣಕೈ, ಮಂಡಿ, ಕಿವಿಗಳನ್ನು ಅಲ್ಲಿನ ಬಂಡೆಗಳಷ್ಟೇ ದೊಡ್ಡದಾಗಿ ನಿಲ್ಲಿಸಿದ. 1961ರಲ್ಲಿ ಅವು ಪುಸ್ತಕವಾದವು. ಚಿತ್ರದುರ್ಗದ ಗುಂಡುಬಂಡೆಗಳ ನಡುವೆ ಬೆಳೆದ ಕಣ್ಣಿಗೆ ಆ ಹೋಲಿಕೆ ಯಾರೂ ಬಿಡಿಸಿ ಹೇಳದೆಯೇ ತಿಳಿಯುತ್ತದೆ.

ಪ್ರಶ್ನೆ: ಜಾತ್ರೆಯ ನಗೆಕನ್ನಡಿಯಂಥ ಚಿತ್ರ ಮನೆಯಲ್ಲೇ ತೆಗೆಯಬಹುದೇ? ಆ್ಯಪಿನಲ್ಲಿ ಎಳೆದು ಮಾಡಿದ್ದು ಸುಳ್ಳುಸುಳ್ಳಾಗಿ ಕಾಣುತ್ತದೆ. — ಹರಿಹರ

ಉತ್ತರ: ಸುಳ್ಳಾಗಿ ಕಾಣಲು ಕಾರಣವಿದೆ. ಆ್ಯಪ್ ಚರ್ಮವನ್ನು ಎಳೆದಾಗ ರೋಮರಂಧ್ರ, ಬೆವರಿನ ಹೊಳಪು ಎಲ್ಲ ರಬ್ಬರಿನಂತೆ ಹಿಗ್ಗಿ ಸವೆಯುತ್ತವೆ. ಕನ್ನಡಿಯಲ್ಲಿ ಹಿಗ್ಗಿದ ಜಾಗದಲ್ಲಿ ವಿವರ ಇನ್ನೂ ಹೆಚ್ಚು ಸಿಗುತ್ತದೆ. ಹಂಗೇರಿಯ ಛಾಯಾಗ್ರಾಹಕ ಆಂದ್ರೆ ಕೆರ್ತೇಸ್ 1933ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಪತ್ರಿಕೆಗಾಗಿ ಇಂಥ ಕನ್ನಡಿಗಳ ಮುಂದೆ ನಗ್ನ ದೇಹಗಳನ್ನು ತೆಗೆದ. ಸುಮಾರು 200 ಚಿತ್ರಗಳು. ತೊಡೆ ಕರಗಿ ನದಿಯಾಗಿ ಹರಿದರೂ ಅದು ಚರ್ಮವೇ ಎಂಬ ನಂಬಿಕೆ ಅಲ್ಲಿ ಕೆಡುವುದಿಲ್ಲ.

ನಾಮಫಲಕದ ಅಕ್ಷರ ಕತ್ತರಿಸುವ ಅಂಗಡಿಗಳಲ್ಲಿ 2 ಎಂ.ಎಂ. ಅಕ್ರಿಲಿಕ್ ಕನ್ನಡಿ ಹಾಳೆ ಸಿಗುತ್ತದೆ. 2 ಅಡಿ ಅಗಲ, 3 ಅಡಿ ಎತ್ತರದ್ದು ಸಾಕು. ಎರಡು ನೆಟ್ಟ ಪಟ್ಟಿಗಳ ನಡುವೆ ನಿಲ್ಲಿಸಿ ಅಂಚುಗಳನ್ನು ಒಳಕ್ಕೆ ಒತ್ತಿ ಬಾಗಿಸಿ. ನಿಮ್ಮ ಕಡೆ ಉಬ್ಬಿದರೆ ಮೈ ಬಡಕಲಾಗುತ್ತದೆ, ತಗ್ಗಾದರೆ ಅಗಲವಾಗುತ್ತದೆ. ನಡುವೆ ಎರಡೂಕಾಲು ಸೆಂ.ಮೀ. ತಗ್ಗು ಬಂದರೆ ಅದರ ನಾಭಿ, ಅಂದರೆ ಕನ್ನಡಿ ಬೆಳಕನ್ನು ಕೂಡಿಸುವ ಜಾಗ, ಸುಮಾರು 1 ಮೀಟರಿಗೆ ಬೀಳುತ್ತದೆ. ಮೈ ಆ 1 ಮೀಟರಿನ ಒಳಗಿರಬೇಕು. 50 ಸೆಂ.ಮೀ.ನಿಂದ ನಿಧಾನವಾಗಿ ಹಿಂದೆ ಸರಿಯುತ್ತ ಹೋದರೆ ಭುಜ ಹಿಗ್ಗುತ್ತ ಹಿಗ್ಗುತ್ತ ಹಾಳೆಯ ತುಂಬ ಹರಡುತ್ತದೆ. 1 ಮೀಟರಿನ ಆಸುಪಾಸಿನಲ್ಲಿ ಚಿತ್ರ ಹರಿದುಹೋಗುತ್ತದೆ. ಅದನ್ನು ದಾಟಿದರೆ ಎಡ ಬಲವಾಗುತ್ತದೆ. ಒಳ್ಳೆಯ ಚಿತ್ರಗಳು ಹರಿದುಹೋಗುವ ಸ್ವಲ್ಪ ಮುಂಚೆ ಸಿಗುತ್ತವೆ, ಅಂಗುಲ ಅಂಗುಲವಾಗಿ ಸರಿದು ಹುಡುಕಿ.

ಕೆಡುವುದು ಸಾಮಾನ್ಯವಾಗಿ ಫೋಕಸ್‌ನಲ್ಲಿ. ಕನ್ನಡಿಯ ಮೈಮೇಲಿನ ಧೂಳಿಗೆ ಫೋಕಸ್ ಆದರೆ ಒಳಗಿನ ಬಿಂಬ ಮಸುಕಾಗುತ್ತದೆ. ಪರದೆಯಲ್ಲಿ ಹಿಗ್ಗಿಸಿ ನೋಡಿ ಮ್ಯಾನುಯಲ್ ಆಗಿ ಬಿಂಬಕ್ಕೆ ಫೋಕಸ್ ಮಾಡಿ. ಒಂದೇ ದಿಕ್ಕಿಗೆ ಬಾಗಿದ ಕನ್ನಡಿಯಲ್ಲಿ ಅಡ್ಡಗೆರೆ ಒಂದು ದೂರದಲ್ಲಿ, ಲಂಬಗೆರೆ ಇನ್ನೊಂದು ದೂರದಲ್ಲಿ ಸ್ಪಷ್ಟವಾಗುತ್ತವೆ. ಹುಬ್ಬು ಚೂಪಾಗಿದ್ದು ಮೂಗಿನ ಅಂಚು ಮಸುಕಾಗಿದ್ದರೆ ಲೆನ್ಸ್ ಕೆಟ್ಟಿಲ್ಲ. ಎಫ್/11ಕ್ಕೆ ಇಳಿಸಿ, ಎರಡೂ ಬಹುಮಟ್ಟಿಗೆ ಸರಿಹೋಗುತ್ತವೆ. ಬೆಳಕು ಮೈಮೇಲೆ ಮಾತ್ರ ಬೀಳಲಿ. ದೀಪಕ್ಕೂ ಕನ್ನಡಿಗೂ ನಡುವೆ ಕಪ್ಪು ರಟ್ಟು ಅಡ್ಡ ಇಡಿ. ಕ್ಯಾಮೆರಾ ಸುತ್ತ ಕಪ್ಪು ಬಟ್ಟೆ ಹೊದಿಸಿ, ಇಲ್ಲದಿದ್ದರೆ ಬಿಂಬದೊಳಗೆ ನೀವೂ ನಿಂತಿರುತ್ತೀರಿ. ಹಾಳೆಯ ಅಂಚು ಕಾಣದಂತೆ 50ರಿಂದ 85 ಎಂ.ಎಂ. ಲೆನ್ಸಿನಲ್ಲಿ ಬಿಂಬವನ್ನಷ್ಟೇ ಹಿಡಿಯಿರಿ. ಅಂಚು ಕಂಡರೆ ಅದು ಕನ್ನಡಿಯ ಚಿತ್ರವಾಗುತ್ತದೆಯೇ ಹೊರತು ಮೈಯ ಚಿತ್ರವಾಗುವುದಿಲ್ಲ.

ಪ್ರಶ್ನೆ: ನಮ್ಮಜ್ಜಿ ಕಂಬಳಿಗೆ ಉಣ್ಣೆ ನೂತವರು. ಈಗ ಬೆರಳ ಗಿಣ್ಣುಗಳು ಊದಿ, ಬೆರಳು ಸೊಟ್ಟಗಾಗಿವೆ. ಆ ಕೈ ತೆಗೆಯಬೇಕು. ವೈಡ್ ಲೆನ್ಸ್ ಹಾಕಿದರೆ ಇನ್ನೂ ಪರಿಣಾಮ ಬರುತ್ತದಲ್ಲವೇ? — ಚಳ್ಳಕೆರೆ

ಉತ್ತರ: ದಯವಿಟ್ಟು ಹಾಕಬೇಡಿ. ಆ ಕೈಗೆ ಆಕಾರ ಕೊಟ್ಟದ್ದು ಕೆಲಸ ಮತ್ತು ವಯಸ್ಸು. ಅದರ ಮೇಲೆ ಲೆನ್ಸಿನ ಸೊಟ್ಟ ಸೇರಿಸಿದರೆ ನೋಡುವವರಿಗೆ ಯಾವುದು ಅಜ್ಜಿಯದು, ಯಾವುದು ನಿಮ್ಮದು ಎಂದೇ ಗೊತ್ತಾಗುವುದಿಲ್ಲ. ಒಂದೂವರೆ ಮೀಟರ್ ದೂರ ಕೂತು 85 ಎಂ.ಎಂ. ಆಸುಪಾಸಿನ ಲೆನ್ಸಿನಲ್ಲಿ ತೆಗೆಯಿರಿ, ಪ್ರಮಾಣ ಇದ್ದದ್ದು ಇದ್ದಹಾಗೆ ಬರುತ್ತದೆ. ಬೆಳಿಗ್ಗೆ ಬಾಗಿಲ ಪಕ್ಕ ಕೂರಿಸಿ, ಬೆಳಕು ಕೈಯ ಹಿಂಬದಿಯ ಮೇಲೆ ಜಾರುವಂತೆ ಓರೆಯಾಗಿ, 15–20 ಡಿಗ್ರಿಯಲ್ಲಿ ಬೀಳಲಿ. ಗಿಣ್ಣಿನ ಮೇಲಿನ ಸುಕ್ಕು, ಉಬ್ಬಿದ ನರ, ಉಗುರಿನ ಗೀರು ಒಂದೊಂದೂ ತನ್ನ ನೆರಳು ಹೊತ್ತು ಎದ್ದು ನಿಲ್ಲುತ್ತವೆ. ಫ್ಲ್ಯಾಷ್ ಎದುರಿನಿಂದ ಬಡಿದರೆ ಎಲ್ಲವೂ ಚಪ್ಪಟೆ.

ಕಪ್ಪುಬಿಳುಪು ಮಾಡುವಾಗ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಪದರ) ಎತ್ತಿದರೆ ನಮ್ಮ ಕಂದು ಚರ್ಮ ಬೆಳ್ಳಗಾಗಿ ಸುಕ್ಕುಗಳು ಮಾಯವಾಗುತ್ತವೆ. ಹಸಿರು ಚಾನೆಲ್ ಹೆಚ್ಚು ಬಳಸಿ. 12×18 ಇಂಚಿನ ಪ್ರಿಂಟಿಗೆ 3600×5400 ಪಿಕ್ಸೆಲ್ ಇದ್ದರೆ ಸಾಕು, ಕಾಗದ ಮ್ಯಾಟ್ ಇರಲಿ. ಕೈಗೆ ನೋವಿದ್ದರೆ ಬೆರಳು ಬಿಡಿಸಲು, ಮಡಚಲು ಹೇಳಬೇಡಿ. ಮಡಿಲಲ್ಲಿ ಒಂದು ಹಿಡಿ ಉಣ್ಣೆ ಇಡಿ. ಕೈ ತಾನಾಗಿ ತನ್ನ ಭಂಗಿಗೆ ಹೋಗುತ್ತದೆ.

ಪ್ರಶ್ನೆ: ನೀರೊಳಗಿನ ಮೈ ಒಡೆದು ತೇಲುವಂತೆ ಕಾಣುವ ಚಿತ್ರಕ್ಕೆ ಕುಂದವಾಡ ಕೆರೆ ಆದೀತೇ? — ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ. ಕೆರೆಗೆ ಇಳಿಯುವುದು ಅಪಾಯ, ಮೇಲಾಗಿ ಕೆರೆಯ ನೀರು ಕದಡಿರುತ್ತದೆ. ಈಜುಕೊಳದಲ್ಲಿ ಅನುಮತಿ ಪಡೆದು, ಬೇರೆಯವರಿಲ್ಲದ ಹೊತ್ತಿನಲ್ಲಿ ತೆಗೆಯಿರಿ. ಬಿಸಿಲು ನೆತ್ತಿಯ ಹತ್ತಿರ ಇದ್ದಾಗ ಅಲೆಗಳು ಬೆಳಕನ್ನು ಬಲೆಯಂತೆ ಹೆಣೆದು ಬೆನ್ನ ಮೇಲೆ ಬೀಳಿಸುತ್ತವೆ. ಷಟರ್ 1/500 ಇದ್ದರೆ ಆ ಎಳೆಗಳು ಉಳಿಯುತ್ತವೆ, 1/60ರಲ್ಲಿ ಕಲಸಿಹೋಗುತ್ತವೆ. ಮೇಲ್ಮೈ ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಹಾಕುವುದಾದರೆ ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಓರೆಯಲ್ಲಿ ನೋಡಿ. ನೇರ ಮೇಲಿನಿಂದ ನೋಡಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಮೇಲೆ ಹೇಳಿದ ಕೆರ್ತೇಸ್ 1917ರಲ್ಲೇ ಕೊಳದಲ್ಲಿ ಈಜುವವನೊಬ್ಬನನ್ನು ತೆಗೆದಿದ್ದ. ಕನ್ನಡಿಯ ದಾರಿ ಅವನಿಗೆ ನೀರಿನಿಂದಲೇ ತೆರೆಯಿತು ಎಂದು ಆ ಚಿತ್ರ ನೋಡಿದಾಗ ಅನಿಸುತ್ತದೆ.

ಪ್ರಶ್ನೆ: ಗೆಳತಿಯೊಬ್ಬಳು ಬರಿಬೆನ್ನಿನ ಚಿತ್ರಕ್ಕೆ ಒಪ್ಪಿದ್ದಾಳೆ. ಮುಖ ಕಾಣುವುದಿಲ್ಲ. ಬರವಣಿಗೆಯ ಒಪ್ಪಿಗೆ ಬೇಕೇ? — ಚಿತ್ರದುರ್ಗ

ಉತ್ತರ: ಬೇಕು. ಅದೂ ಕನ್ನಡದಲ್ಲಿ, ನಾಲ್ಕು ಬೇರೆ ಬೇರೆ ಸಾಲುಗಳಲ್ಲಿ: ತೆಗೆಯಲು, ಇಟ್ಟುಕೊಳ್ಳಲು, ಪ್ರದರ್ಶನದಲ್ಲಿ ತೂಗುಹಾಕಲು, ಇಂಟರ್ನೆಟ್ಟಿಗೆ ಹಾಕಲು. ಒಂದಕ್ಕೆ ಹೂಂ ಅಂದವರು ಇನ್ನೊಂದಕ್ಕೆ ಅಂದಂತಲ್ಲ. ಕಾನೂನೂ ಹೀಗೇ ನೋಡುತ್ತದೆ. ಖಾಸಗಿ ಸ್ಥಿತಿಯ ಚಿತ್ರ ತೆಗೆಯಲು ಹೆಣ್ಣುಮಗಳು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನಡಿ ಅಪರಾಧ. 18 ತುಂಬದವರಾದರೆ ಇಂಥ ಚಿತ್ರದ ಮಾತೇ ಇಲ್ಲ, ಮನೆಯವರು ಒಪ್ಪಿದರೂ ಇಲ್ಲ.

ಮುಖವಿಲ್ಲದಿದ್ದರೆ ಗುರುತಾಗದು ಎಂದುಕೊಳ್ಳಬೇಡಿ. ಭುಜದ ಮಚ್ಚೆ, ಹಚ್ಚೆ, ಕೈಬಳೆ, ಗೋಡೆಯ ಬಣ್ಣ ನೋಡಿಯೇ ಊರು ಗುರುತು ಹಿಡಿಯುತ್ತದೆ. ಫೈಲಿನೊಳಗಿನ ಸ್ಥಳದ ಮಾಹಿತಿ ಅಳಿಸಿ. ಅವಳು ನಂಬುವ ಒಬ್ಬರು ಜೊತೆಗಿರಲಿ. ಹತ್ತು ಚಿತ್ರಕ್ಕೊಮ್ಮೆ ಕ್ಯಾಮೆರಾ ಅವಳ ಕೈಗೆ ಕೊಡಿ, ಬೇಡ ಎಂದದ್ದನ್ನು ಅವಳೇ ಅಳಿಸಲಿ. ಆಕಾರ ಕಲಕುವ ಚಿತ್ರದಲ್ಲಿ ಇದು ಇನ್ನೂ ಮುಖ್ಯ. ತನ್ನ ಮೈ ಹೀಗೆ ಕಾಣುತ್ತದೆ ಎಂದು ಮೊದಲೇ ಊಹಿಸಲು ಅವಳಿಗೆ ಸಾಧ್ಯವಿಲ್ಲ. ಆದ್ದರಿಂದ ಚಿತ್ರ ನೋಡುವ ಮೊದಲು ಕೊಟ್ಟ ಒಪ್ಪಿಗೆಯನ್ನು ಅರ್ಧ ಒಪ್ಪಿಗೆ ಎಂದೇ ಎಣಿಸಿ.

ಪ್ರಶ್ನೆ: ಕೋಟೆಯ ಬಂಡೆಗಳ ಮೇಲೆ ನೃತ್ಯಗಾರರನ್ನು ತೆಗೆಯಬಹುದೇ? — ಹೊಳಲ್ಕೆರೆ

ಉತ್ತರ: ಚಿತ್ರದುರ್ಗದ ಕೋಟೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್ ಹೂಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಹೊರಗೆ ಊರ ಸುತ್ತ ಅಂಥದೇ ಬಂಡೆಗಳಿಗೆ ಬರವಿಲ್ಲ, ಜಮೀನಿನವರನ್ನು ಕೇಳಿ ತೆಗೆಯಿರಿ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ಆಮೇಲೆ ಕಲ್ಲು ಕಾಯುತ್ತದೆ, ಬರಿಗಾಲು ನಿಲ್ಲದು, ಸಂಜೆಯಾದರೂ ಬಿಸಿ ಆರಿರುವುದಿಲ್ಲ. ಬಂಡೆಯಂತೆ ಮೈ ಕಾಣಬೇಕಾದರೆ ನರ್ತಕರನ್ನು ದೂರದ ಬಂಡೆಯ ಮೇಲೆ ನಿಲ್ಲಿಸಬೇಡಿ. ಅವರ ಬಾಗಿದ ಬೆನ್ನು ಲೆನ್ಸಿಗೆ ಒಂದು ಮೊಳ ದೂರದಲ್ಲಿರಲಿ, ಬಂಡೆ ಹಿಂದೆ ಇಪ್ಪತ್ತು ಹೆಜ್ಜೆ ಆಚೆ ಇರಲಿ.