ಐವತ್ತು ರೂಪಾಯಿಯ ಕಾನೂನು ಮತ್ತು ಮಾಳಿಗೆ ಮೇಲಿನ ನಾಯಿ

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ಪಕ್ಕದ ಮನೆಯವರು ಮಾಳಿಗೆ ಮೇಲೆ ಒಂದು ನಾಯಿ ಕಟ್ಟಿದ್ದಾರೆ. ಎರಡು ಮೊಳದ ಸರಪಳಿ. ಹಗಲಿಡೀ ಬಿಸಿಲು, ನೆರಳಿಗೆ ಒಂದು ತಗಡೂ ಇಲ್ಲ. ನೀರಿನ ಬಟ್ಟಲು ಮಧ್ಯಾಹ್ನಕ್ಕೇ ಖಾಲಿ. ಬಿಚ್ಚಿ ಅಡ್ಡಾಡಿಸಿದ್ದನ್ನು ನಾನು ನೋಡೇ ಇಲ್ಲ. ಠಾಣೆಗೆ ಹೋಗಿ ಹೇಳಿದರೆ, 'ಕೇಸ್ ಹಾಕಿದರೂ ಐವತ್ತು ರೂಪಾಯಿ ದಂಡ, ಯಾಕ್ರೀ ತಲೆ ಕೆಡಿಸ್ಕೋತೀರಿ' ಅಂದರು. ನಾವು ಎತ್ತಿಗೆ ಮೂಗುದಾರ ಹಾಕ್ತೀವಿ, ಬರೆ ಹಾಕ್ತೀವಿ. ಕರಾವಳಿಯಲ್ಲಿ ಕೋಣ ಓಡಿಸ್ತಾರೆ. ಅದೆಲ್ಲ ಸರಿ, ಇದು ತಪ್ಪಾ? ಯಾವುದು ಹಿಂಸೆ, ಯಾವುದು ಅಲ್ಲ ಅಂತ ಹೇಳೋರು ಯಾರು?"

ಸಂಪಾದಕರ ಉತ್ತರ:

ಠಾಣೆಯಲ್ಲಿ ಹೇಳಿದ ಲೆಕ್ಕ ಸುಳ್ಳಲ್ಲ. ಆದರೆ ಅವರು ಕಾಯ್ದೆಯ ಒಂದೇ ಸಾಲು ಓದಿ ಹೇಳಿದ್ದಾರೆ. ನಿಮ್ಮ ನಾಯಿಗೆ (ನಿಮ್ಮದಲ್ಲ, ಇರಲಿ) ಕೆಲಸಕ್ಕೆ ಬರುವ ಸಾಲುಗಳು ಅದರ ಮುಂದೆ ಇವೆ.

ಮೊದಲು ಆ ಐವತ್ತು ರೂಪಾಯಿ ವಿಷಯ ಮುಗಿಸೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಕಾಯ್ದೆಯ ಹಿಂದೆ ನಿಂತಿದ್ದವರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. 1950ರ ದಶಕದ ಮೊದಲಲ್ಲಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಕಾನೂನು ತರುತ್ತದೆ ಎಂದು ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ವಾಪಸ್ ಪಡೆದರು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅದಕ್ಕೆ ಅವರೇ ಮೊದಲ ಅಧ್ಯಕ್ಷೆ. ಆಗಿನ ಕಾಲಕ್ಕೆ ಐವತ್ತು ರೂಪಾಯಿ ಅಂದರೆ ಕೈ ಸುಡುವ ದುಡ್ಡು. ಆಮೇಲೆ ಎಲ್ಲದರ ರೇಟೂ ಏರಿತು, ಇದೊಂದನ್ನು ಬಿಟ್ಟು. ಈ ದಂಡ ಸಾಲದು, ತಿದ್ದುಪಡಿ ತನ್ನಿ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಹೊರಡಿಸಿತು. ಅದು ಕರಡಾಗಿಯೇ ಉಳಿದಿದೆ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನೋವು ಕೊಟ್ಟಿದ್ದೆಲ್ಲ ಹಿಂಸೆ ಎಂದು ಕಾಯ್ದೆ ಹೇಳುವುದಿಲ್ಲ. ಅನಗತ್ಯವಾಗಿ ಕೊಟ್ಟ ನೋವು ಹಿಂಸೆ ಎನ್ನುತ್ತದೆ. ಪ್ರಾಣಿಯನ್ನು ಇಟ್ಟುಕೊಂಡವರು ಅದರ ಯೋಗಕ್ಷೇಮ ನೋಡಬೇಕು, ಅನಗತ್ಯ ನೋವಾಗದಂತೆ ತಡೆಯಬೇಕು ಅನ್ನುವುದು 3ನೇ ಕಲಂ. ಸುಮ್ಮನಿದ್ದೆ, ನಾನೇನೂ ಹೊಡೆದಿಲ್ಲ ಅಂದರೆ ನಡೆಯುವುದಿಲ್ಲ. ನೋಡಿಕೊಳ್ಳದೆ ಇರುವುದೂ ತಪ್ಪೇ. ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು, ಇವು ನಿಗದಿ ಮಾಡಿದ ರೀತಿಯಲ್ಲಿ ನಡೆದರೆ ಅಪರಾಧವಲ್ಲ. ಊಟಕ್ಕಾಗಿ ಕೊಲ್ಲುವುದೂ ಅಲ್ಲ, ಕೊಲ್ಲುವಾಗ ಬೇಡದ ಚಿತ್ರಹಿಂಸೆ ಕೊಡದಿದ್ದರೆ. ಧರ್ಮದ ಪದ್ಧತಿಯಂತೆ ಕೊಲ್ಲುವುದನ್ನು 28ನೇ ಕಲಂ ಹೊರಗಿಟ್ಟಿದೆ. ಆದರೆ ನಮ್ಮ ರಾಜ್ಯದಲ್ಲಿ 1959ರಿಂದಲೇ ಬೇರೆ ಕಾಯ್ದೆ ಇದ್ದು, ದೇವಸ್ಥಾನದ ಆವರಣದಲ್ಲಿ ಪ್ರಾಣಿ ಬಲಿ ಕೊಡುವಂತಿಲ್ಲ.

ಹಾಗಾದರೆ ಅಗತ್ಯ ಎಷ್ಟು, ಅನಗತ್ಯ ಎಷ್ಟು? ಇಲ್ಲೇ ಜನ ತಪ್ಪು ತಿಳಿಯುವುದು. ಎಲ್ಲವನ್ನೂ ಜಡ್ಜ್ ಮನಸ್ಸಿಗೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ದುಡಿಯುವ ಪ್ರಾಣಿಗಳ ಬಗ್ಗೆ 1965ರ ನಿಯಮ ತೆಗೆದು ನೋಡಿ. ತಕ್ಕಡಿ, ಗಡಿಯಾರ, ಥರ್ಮಾಮೀಟರ್ ಮೂರೂ ಅದರಲ್ಲಿವೆ. ಕತ್ತೆಯ ಬೆನ್ನಿಗೆ 50 ಕೆ.ಜಿ.ಗಿಂತ ಜಾಸ್ತಿ ಹೇರುವಂತಿಲ್ಲ. ಅಂದರೆ ಒಂದು ಸಿಮೆಂಟ್ ಚೀಲ. ಎರಡನೆಯದು ಬಿದ್ದ ಕ್ಷಣ ನಿಯಮ ಮುರಿದ ಹಾಗೆ. ಟಟ್ಟುವಿಗೆ 70 ಕೆ.ಜಿ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿ ಕೊಡದೆ ಸತತ 5 ಗಂಟೆ ದಾಟಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತೆಯೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರ್ಗಿ ಕಡೆ ಈ ನಿಯಮ ಪಾಲಿಸಿದರೆ ಮಧ್ಯಾಹ್ನ ಒಂದು ಎತ್ತಿನ ಗಾಡಿಯೂ ರಸ್ತೆಗೆ ಇಳಿಯಬಾರದು. ಬಾರುಕೋಲಿನ ತುದಿಗೆ ಮೊಳೆ ಬಡಿಯುವುದು ನಿಮ್ಮ ಕಡೆಯೂ ಇದೆ ಅಲ್ವಾ? ಕಬ್ಬಿನ ಗಾಡಿ ಏರಿ ಹತ್ತದಿದ್ದಾಗ ಎತ್ತಿನ ಬಾಲದ ಬುಡಕ್ಕೆ ಅದನ್ನು ಚುಚ್ಚುತ್ತಾರೆ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಾಯ ಮಾಯುವುದೇ ಇಲ್ಲ, ನೊಣ ಮುತ್ತಿರುತ್ತವೆ. ಅಂಥ ಮೊನಚಾದ ಕೋಲು ಬಳಸಬಾರದು ಅಂತ ಅದೇ ನಿಯಮಗಳಲ್ಲಿದೆ. ಗೂಡ್ಸ್ ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸಬಾರದು ಅನ್ನುವುದು 1978ರ ಸಾಗಣೆ ನಿಯಮ. ಲಾಳ ಕಟ್ಟುವವರಿಗೂ ಲೈಸೆನ್ಸ್ ಬೇಕು ಅಂತ 1965ರಲ್ಲೇ ಇನ್ನೊಂದು ನಿಯಮ ಬಂತು. ಲೈಸೆನ್ಸ್ ಇಟ್ಟುಕೊಂಡು ಲಾಳ ಕಟ್ಟುವವರನ್ನು ನಾನಂತೂ ಕಂಡಿಲ್ಲ, ನೀವು ಕಂಡಿದ್ದರೆ ಬರೆಯಿರಿ.

ತಡೆಯುವ ಶಕ್ತಿ ಇರುವುದು ಈ ಅಳತೆಗಳಲ್ಲಿ ಅಂತ ನನ್ನ ಅಭಿಪ್ರಾಯ. ಹಿಂಸೆ ಆದ ಮೇಲೆ ಐವತ್ತು ರೂಪಾಯಿ ಕಟ್ಟಿಸಿಕೊಳ್ಳುವುದಕ್ಕಿಂತ ಕಬ್ಬಿನ ಕಾರ್ಖಾನೆಯ ಗೇಟಿನಲ್ಲಿ ಒಂದು ತೂಕದ ಮಿತಿ ಬರೆದು ಹಾಕಿ ಪಾಲಿಸಿದರೆ ಜಾಸ್ತಿ ಎತ್ತುಗಳು ಬದುಕುತ್ತವೆ.

ಕಂಬಳದ ಮಾತು. 2011ರಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಹೋರಿಯನ್ನೂ ಸೇರಿಸಿತು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಅದರಲ್ಲಿ ಮೊದಲೇ ಇದ್ದವು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸಿತು. ಆ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಓಟ, ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆ ಇದನ್ನೂ ಎತ್ತಿಹಿಡಿಯಿತು. ಹಾಗಂತ ಕೋಣಕ್ಕೆ ಏನು ಬೇಕಾದರೂ ಮಾಡಬಹುದು ಅಂತಲ್ಲ. ಅನಗತ್ಯ ನೋವು ಕೊಡಬಾರದು ಅನ್ನುವ ಷರತ್ತು ಆ ತಿದ್ದುಪಡಿಯಲ್ಲೇ ಇದೆ. ಕೆಸರುಗದ್ದೆಯಲ್ಲಿ ಕೋಣ ಓಡಿದ್ದು ತಪ್ಪಲ್ಲ. ಬೆನ್ನಿನ ಚರ್ಮ ಕಿತ್ತುಬರುವ ಹಾಗೆ ಬಾರಿಸಿದರೆ ತಪ್ಪು. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಗೆರೆ ಎಳೆಯುವುದು ಸಂಸತ್ತು, ವಿಧಾನಸಭೆ, ಕೋರ್ಟು. ಆ ಗೆರೆ ಆಚೀಚೆ ಸರಿಯುತ್ತಲೂ ಇರುತ್ತದೆ. ಇದು ಪೂರ್ತಿ ನ್ಯಾಯ ಅಂತ ನಾನು ಹೇಳುವುದಿಲ್ಲ. ಓಟು ಇರುವವರ ಪದ್ಧತಿಗೆ ಬೇಗ ರಿಯಾಯಿತಿ ಸಿಗುತ್ತದೆ.

ಕೊಲ್ಲುವುದು, ಅಂಗ ಊನ ಮಾಡುವುದು ಬೇರೆಯದೇ ಲೆಕ್ಕ. ಅಲ್ಲಿ ಐವತ್ತು ರೂಪಾಯಿ ಮಾತೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹಸುಗಳ ಕೆಚ್ಚಲು ಕೊಯ್ದರಲ್ಲ, ಅಂಥದ್ದಕ್ಕೆ ಈ ಕಲಂ. ಹಳೆಯ ಐಪಿಸಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತೋ ಎಂದು ಕೇಳುತ್ತಿತ್ತು. ಬೀದಿನಾಯಿಗೆ ಯಾರು ಬೆಲೆ ಕಟ್ಟುತ್ತಾರೆ? ಹೊಸ ಕಾನೂನು ಆ ಪ್ರಶ್ನೆ ಕೈಬಿಟ್ಟಿದೆ, ಒಳ್ಳೆಯದಾಯಿತು. ಆದರೆ ಐಪಿಸಿಯ 377ನೇ ಕಲಂ ಜೊತೆಗೆ ಪ್ರಾಣಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಿದ್ದ ಶಿಕ್ಷೆಯೂ ಹೋಯಿತು. ಸಂಹಿತೆಯಲ್ಲಿ ಆ ಜಾಗಕ್ಕೆ ಏನೂ ಬರಲಿಲ್ಲ. ಇದು ದೊಡ್ಡ ತೂತು.

ಈಗ ಮಾಳಿಗೆಗೆ ಬರೋಣ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟಿಹಾಕುವುದು 11ನೇ ಕಲಮಿನ ಪಟ್ಟಿಯಲ್ಲೇ ಇದೆ. ಯಾವಾಗಲೂ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದಿರುವುದಕ್ಕೆ ಪ್ರತ್ಯೇಕ ಸಾಲೇ ಉಂಟು. ಸಾಕಷ್ಟು ಅನ್ನ, ನೀರು, ನೆರಳು ಕೊಡದಿರುವುದಕ್ಕೆ ಇನ್ನೊಂದು. ನೀವು ಬರೆದ ಮೂರೂ ಸಂಗತಿ ಕಾಯ್ದೆಗೆ ಗೊತ್ತು. ಸರಪಳಿ ಇಂತಿಷ್ಟೇ ಅಡಿ ಇರಬೇಕು ಅಂತ ಮಾತ್ರ ಅಲ್ಲಿ ಬರೆದಿಲ್ಲ. ಎರಡು ಮೊಳದಲ್ಲಿ ನಾಯಿ ನೆರಳಿಗೆ ಸರಿಯಲು ಆಗುವುದಿಲ್ಲ, ತನ್ನ ಹೇಲಿನ ಪಕ್ಕದಲ್ಲೇ ಮಲಗಬೇಕು. ಅದು ಗಿಡ್ಡವೋ ಅಲ್ಲವೋ ಎಂದು ಪಶುವೈದ್ಯರು ನೋಡಿದರೆ ಗೊತ್ತಾಗುತ್ತದೆ.

ತೊಡಕು ಏನೆಂದರೆ, ಇವು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ಎಫ್‌ಐಆರ್ ಹಾಕಿ ತನಿಖೆ ಮಾಡಲಾಗದ ಅಪರಾಧಗಳು. ನೇರವಾಗಿ ಕೇಸ್ ಹಾಕಬಹುದಾದವು ಬೇರೆ: ಕ್ರೂರವಾಗಿ ಕೊಲ್ಲುವುದು, ಪ್ರಾಣಿ ಕಾಳಗ ಏರ್ಪಡಿಸುವುದು, ಹಾಲು ಇಳಿಸಲು ಹಸುವಿಗೆ ಹಾನಿಯಾಗುವ ಇಂಜೆಕ್ಷನ್ ಚುಚ್ಚುವುದು, ಹೀಗೆ. ಆದರೂ ನಿಮ್ಮ ದೂರನ್ನು ಬರೆದುಕೊಂಡು ಎನ್‌ಸಿಆರ್ (ಇಂಥ ಅಪರಾಧದ ದೂರು ದಾಖಲಾಗಿದೆ ಎಂದು ಠಾಣೆ ಕೊಡುವ ಕಾಗದ) ಕೊಡಲೇಬೇಕು. ಬಾಯಿಮಾತಲ್ಲಿ ಹೇಳಿ ಬಂದಿದ್ದರೆ ಮತ್ತೆ ಹೋಗಿ, ಕಾಗದದಲ್ಲಿ ಕೊಡಿ.

ಆ ಕಾಗದದಲ್ಲಿ ಏನು ಕೇಳಬೇಕು ಅನ್ನುವುದೇ ಮುಖ್ಯ. 'ಇವರಿಗೆ ಶಿಕ್ಷೆ ಕೊಡಿ' ಅಂತ ಬರೆದರೆ ಐವತ್ತು ರೂಪಾಯಿಗೆ ಬಂದು ನಿಲ್ಲುತ್ತದೆ. ನಾಯಿಯ ತಪಾಸಣೆ ಮಾಡಿಸಿ ಅಂತ ಬರೆಯಿರಿ. 34ನೇ ಕಲಂ ಪ್ರಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರ ಮುಂದೆ ಅಥವಾ ಪಶುವೈದ್ಯರ ಮುಂದೆ ಹಾಜರುಪಡಿಸಬಹುದು. ಕೇಸ್ ನಡೆಯುವಾಗ ನಾಯಿಯನ್ನು ಆಶ್ರಯಧಾಮಕ್ಕೆ ಕಳಿಸಿದರೆ, 2017ರ ನಿಯಮದಂತೆ ಅದರ ಊಟ, ಔಷಧಿ ಖರ್ಚು ಆರೋಪಿಯ ತಲೆಗೇ ಬರುತ್ತದೆ. ಐವತ್ತಕ್ಕೆ ನಗುವವರು ಈ ಬಿಲ್ಲಿಗೆ ನಗುವುದಿಲ್ಲ. ತಪ್ಪು ಸಾಬೀತಾಗಿ, ಮತ್ತೆ ಅದೇ ಗತಿ ಆಗುತ್ತದೆ ಅಂತ ಕೋರ್ಟಿಗೆ ಅನ್ನಿಸಿದರೆ 29ನೇ ಕಲಂ ಪ್ರಕಾರ ನಾಯಿಯನ್ನು ಮಾಲೀಕರಿಂದ ಕಿತ್ತುಕೊಳ್ಳಲೂಬಹುದು.

ಇಷ್ಟೆಲ್ಲ ಹೇಳಿದೆ. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಒಂದು ತಗಡಿನ ಶೀಟು, ಒಂದು ಅಗಲದ ಬೋಗುಣಿ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದೆ. ಕೆಟ್ಟವರಲ್ಲದ ಜನರೂ ಹೀಗೆ ಕಟ್ಟಿಹಾಕುತ್ತಾರೆ. ನಾಯಿ ಅಂದರೆ ಹೀಗೇ ಸಾಕೋದು ಅಂದುಕೊಂಡಿರುತ್ತಾರೆ. ಒಪ್ಪದಿದ್ದರೆ ಅರ್ಜಿ. ನೀವೇ ಮಾಳಿಗೆ ಹತ್ತಿ ಸರಪಳಿ ಬಿಚ್ಚಲು ಹೋಗಬೇಡಿ, ಕೇಸ್ ನಿಮ್ಮ ಮೇಲೆ ಬರುತ್ತದೆ. ನಿಮ್ಮ ಮನೆಯಿಂದ ಕಾಣುವಷ್ಟು ಫೋಟೊ ತೆಗೆಯಿರಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ತಾರೀಕು ಸಮೇತ. ಅರ್ಜಿಯ ಒಂದು ಪ್ರತಿ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಠಾಣೆಯಲ್ಲಿ ಏನೂ ಆಗದಿದ್ದರೆ ವಕೀಲರ ಮೂಲಕ ನೇರ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಡಬಹುದು. ತಡ ಮಾಡಬೇಡಿ. ಅಪರಾಧ ನಡೆದ 3 ತಿಂಗಳೊಳಗೆ ಪ್ರಕರಣ ಹೂಡಬೇಕು ಎಂದು 36ನೇ ಕಲಂ ಹೇಳುತ್ತದೆ. ಅರ್ಜಿ ಬರೆದ ಮೇಲೆ ಒಮ್ಮೆ ನಮಗೂ ಕಳಿಸಿ, ಕಲಂ ಸಂಖ್ಯೆ ಸರಿ ಇದೆಯಾ ನೋಡಿ ಕೊಡುತ್ತೇವೆ.