ಮೂಟೆಗೆ ಎರಡು ಕಿಲೋ

ಗೋಣಿಕೊಪ್ಪ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರ ಪತ್ರ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ವಿಷಯ ಇಷ್ಟು. ರೋಬಸ್ಟಾ ಕೊಯ್ಲಿನ ಸಮಯ. ಕೆಲಸದವರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಹಾಕುವಾಗ ಮೂಟೆಗೆ ಎರಡು ಕಿಲೋ ಕಮ್ಮಿ ಬರಿ ಅಂತ ಸಾಹುಕಾರರ ಅಪ್ಪಣೆ. ಚೀಲದ ತೂಕ, ಎಲೆ, ಕಸ ಅನ್ನೋದು ನೆಪ. ಅದನ್ನೆಲ್ಲ ಮೊದಲೇ ಕಳೆದಾಗಿರುತ್ತದಂತೆ. ಮಗಳ ಆಪರೇಷನ್‌ಗೆ ದುಡ್ಡು ಕೊಟ್ಟವರೂ ಅದೇ ಸಾಹುಕಾರರು, ಹಾಗಾಗಿ ಇವರ ಬಾಯಿ ಕಟ್ಟಿದೆ. ಭಾವನ ಹತ್ತಿರ ಹೇಳಿಕೊಂಡರೆ ‘ಎಲ್ಲರೂ ಮಾಡ್ತಾರೆ, ಸುಮ್ನಿರು’ ಅಂದರಂತೆ.

ಸಾರ್, ಕೊನೆಯಲ್ಲಿ ಒಂದೇ ಸಾಲು ಬರೆದು ದಾಟಿಸಿಬಿಟ್ಟಿದ್ದೀರಲ್ಲ, ನಾನು ಅಲ್ಲೇ ನಿಂತೆ. ಕೆಲಸದವರ ಲೈನ್ ಮನೆಯ ಅಜ್ಜಿಯೊಬ್ಬರು ‘ಎಷ್ಟಾಯ್ತು ರೈಟ್ರೇ?’ ಅಂದರು. ಮಿಷನ್ 50 ತೋರಿಸುತ್ತಿತ್ತು. ನೀವು ‘ನಲವತ್ತೆಂಟು’ ಅಂದಿರಿ. ಅಜ್ಜಿ ತಲೆಯಾಡಿಸಿ ಹೋದರು. ಅಪ್ಪಣೆ ಯಾರದೇ ಇರಲಿ, ಆ ನಲವತ್ತೆಂಟು ಬಂದದ್ದು ನಿಮ್ಮ ಬಾಯಿಂದ.

ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ ಪುಸ್ತಕದಲ್ಲಿ ಒಬ್ಬ ಅಂಗಡಿಯವನು ಬರುತ್ತಾನೆ. ಚಿಕ್ಕ ಮಗು ಬಂದರೂ ಅವನದು ಒಂದೇ ರೇಟು. ಒಳ್ಳೆಯವನು ಅಲ್ವಾ? ಕಾಂಟ್ ಅಷ್ಟು ಬೇಗ ಒಪ್ಪುವುದಿಲ್ಲ. ಗಿರಾಕಿ ಕೈತಪ್ಪಬಾರದು ಅಂತ ನಿಯತ್ತಾಗಿದ್ದರೆ ಅದು ವ್ಯಾಪಾರ. ಹಾಗಿರಬೇಕಾದದ್ದೇ ಸರಿ ಅಂತ ಇದ್ದರೆ ಕರ್ತವ್ಯ. ‘ಗೊತ್ತಾದರೆ ಕೆಲಸದವರು ಬೇರೆ ತೋಟಕ್ಕೆ ಹೋಗ್ತಾರೆ’ ಅಂತ ಹೆದರಿದ್ದೀರಿ. ಗೊತ್ತೇ ಆಗದಿದ್ದರೆ?

ನಿಮ್ಮ ಭಾವನ ಮೇಲೆ ನನಗೆ ಸಾಹುಕಾರರಿಗಿಂತ ಜಾಸ್ತಿ ಸಿಟ್ಟು. ಈ ಅಂಕಣ ಓದುವವರಿಗೆ ಗೊತ್ತು, ‘ಎಲ್ಲರೂ ಮಾಡ್ತಾರೆ’ ಅಂದರೆ ನನಗೆ ಮೈ ಉರಿಯುತ್ತದೆ. ಕಾಂಟ್ ಕೇಳಿದ್ದು ‘ಎಲ್ಲರೂ ಮಾಡಿದರೆ?’ ಅಂತ. ಎಲ್ಲ ತೋಟದಲ್ಲೂ ಸುಳ್ಳು ತೂಕ ಹೇಳೋದೇ ನಿಯಮ ಆಯಿತು ಅನ್ನಿ. ಆಮೇಲೆ ನಲವತ್ತೆಂಟು ಅಂದರೆ ಯಾವ ಅಜ್ಜಿ ತಲೆಯಾಡಿಸುತ್ತಾರೆ? ರೈಟರ್ ಸುಳ್ಳು ಹೇಳಲ್ಲ ಅನ್ನುವ ನಂಬಿಕೆ ಇರುವ ತನಕ ಮಾತ್ರ ನಿಮ್ಮ ಸುಳ್ಳು ನಡೆಯುತ್ತದೆ. ಮನುಷ್ಯರನ್ನು ಬರೀ ನಮ್ಮ ಕೆಲಸಕ್ಕೆ ಒದಗುವ ಸಾಮಾನಿನ ಹಾಗೆ ಬಳಸಬಾರದು ಅಂತಲೂ ಕಾಂಟ್ ಹೇಳಿದರು. ನೀವು ಅಜ್ಜಿಯ ನಂಬಿಕೆಯನ್ನು ಕೊಕ್ಕೆಯ ಹಾಗೆ ಬಳಸಿದಿರಿ.

ಸಾಹುಕಾರರ ಋಣ? ಉಪಕಾರ ನೆನೆಯೋದೂ ಕರ್ತವ್ಯವೇ, ಕಾಂಟ್ ಕೂಡ ಅದನ್ನೇ ಹೇಳುತ್ತಾರೆ. ಆದರೆ ಹೇಗೆ ತೀರಿಸೋದು ಅನ್ನೋದು ನಿಮ್ಮ ಕೈಲಿದೆ. ಸಂಬಳದಲ್ಲಿ ಹಿಡಿಸಿ, ಭಾನುವಾರ ಕಣ ಕಾಯಿರಿ. ಅಜ್ಜಿಯ ಮೂಟೆಗೆ ಕೈ ಹಾಕಬೇಡಿ.

ಒಂದೇ ಕೆಲಸ ಹೇಳುತ್ತೇನೆ. ಬೆಳಗ್ಗೆ ಸಾಹುಕಾರರಿಗೆ ಮುಂಚಿತವಾಗಿ ತಿಳಿಸಿ, ಸಂಜೆ ತೂಕದ ಮಿಷನ್ನಿನ ಮುಖ ಕೆಲಸದವರ ಕಡೆ ತಿರುಗಿಸಿಡಿ. ಕೆಲಸ ಹೋಗಬಹುದು, ಹೋಗಲ್ಲ ಅಂತ ನಾನು ಧೈರ್ಯ ಹೇಳಲಾರೆ. ಅಜ್ಜಿಗೆ ಅಂಕಿ ಓದಲು ಬರಲ್ಲ ಅಂತ ಬರೆದಿದ್ದೀರಿ. ಪಕ್ಕದಲ್ಲಿ ನಿಂತವರು ಓದಿ ಹೇಳುತ್ತಾರೆ ಬಿಡಿ.