ಹೆಡ್‌ಮಾಸ್ಟರ್ ರೂಮಿನ ರಾಜಿಗೆ ಕಾನೂನಿನಲ್ಲಿ ಬೆಲೆ ಇಲ್ಲ

ಶಾಲೆ ಶುರುವಾಗಿ ಎರಡು ತಿಂಗಳಾದರೆ ಸಾಕು, ಒಂದೇ ಥರದ ಪತ್ರಗಳು ಬರತೊಡಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ ಮಗಳ ಹೆಸರಿನ ನಕಲಿ ಖಾತೆ. ಕ್ಲಾಸ್ ಗ್ರೂಪಿನಲ್ಲಿ ಮಗನಿಗೆ ಇಟ್ಟ ಅಡ್ಡಹೆಸರು. ಯಾರೋ ಕದ್ದು ತೆಗೆದ ವಿಡಿಯೊ. ಊರು ಬೇರೆ, ಶಾಲೆ ಬೇರೆ, ಆದರೆ ದೊಡ್ಡವರು ಮಾಡುವ ತಪ್ಪು ಎಲ್ಲ ಕಡೆ ಒಂದೇ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಉತ್ತರಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಪತ್ರದ ಜೊತೆ ಆ ಫೋಟೋ, ವಿಡಿಯೊಗಳನ್ನು ಕಳಿಸಬೇಡಿ. ನನಗೂ ಬೇಡ, ಅಕ್ಕನಿಗೂ ಬೇಡ, ಟ್ಯೂಷನ್ ಟೀಚರಿಗೂ ಬೇಡ. ಮಗುವಿನ ಬೆತ್ತಲೆ ಚಿತ್ರವನ್ನು ಯಾರು ಯಾರಿಗೆ ಕಳಿಸಿದರೂ ಅಪರಾಧದ ಬಾಗಿಲು ತೆರೆದ ಹಾಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇದೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಇದೆ. "ಸಾಕ್ಷಿಗೆ ಕಳಿಸಿದ್ದು ಮೇಡಂ" ಅಂತ ಬರೆಯುತ್ತೀರಿ. ಕಳಿಸಿದಷ್ಟು ಸಲ ಆ ಮಗುವಿನ ಚಿತ್ರ ಇನ್ನೊಂದು ಫೋನಿಗೆ ಹೋಗಿರುತ್ತದೆ, ಅಷ್ಟೇ.

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ವಾರ್ಷಿಕೋತ್ಸವದ ಫೋಟೋದಿಂದ ಅವಳ ಮುಖ ತೆಗೆದು, ಯಾವುದೋ ಆ್ಯಪ್‌ನಲ್ಲಿ ಬೆತ್ತಲೆ ದೇಹಕ್ಕೆ ಸೇರಿಸಿ, ಅದೇ ಕ್ಲಾಸಿನ ಮೂವರು ಹುಡುಗರು ಗ್ರೂಪಿಗೆ ಹಾಕಿದ್ದಾರೆ. ಹೆಡ್‌ಮಾಸ್ಟರ್ ಎರಡೂ ಕಡೆಯವರನ್ನು ಕೂರಿಸಿ, ಎಲ್ಲರ ಫೋನಿನಿಂದ ಡಿಲೀಟ್ ಮಾಡಿಸಿ, ಹುಡುಗರಿಂದ ಕ್ಷಮೆ ಬರೆಸಿಕೊಂಡರು. "ಶಾಲೆಯ ಹೊರಗೆ ನಡೆದಿದ್ದು, ಪೊಲೀಸ್ ಅಂತ ಹೋದರೆ ಹೆಣ್ಣು ಮಗುವಿನ ಹೆಸರೇ ಹಾಳು" ಅಂದರು. ನಾವೂ ಸಹಿ ಹಾಕಿದೆವು. ಈಗ ಮಗಳನ್ನೇ ಬೇರೆ ಸೆಕ್ಷನ್ನಿಗೆ ಹಾಕಿದ್ದಾರೆ. ಅವಳು ಶಾಲೆಗೆ ಹೋಗಲ್ಲ ಅಂತಾಳೆ. ಇನ್ನೇನಾದರೂ ಮಾಡಲು ಸಾಧ್ಯವಾ? — ಒಬ್ಬ ತಾಯಿ, ಹಾಸನ ಜಿಲ್ಲೆ

ಸಾಧ್ಯ. ಆದರೆ ಮೊದಲು ಮಗಳ ವಿಷಯ. ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ. ಊಟ, ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನುವ ಥರ ಏನಾದರೂ ಹೇಳಿದ್ದರೆ, ಕಾನೂನು ನಾಳೆಗಿರಲಿ, ಇವತ್ತೇ ಮಾನಸಿಕ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ. "ನೀನು ಯಾಕೆ ಫೋಟೋ ತೆಗೆಸ್ಕೊಂಡೆ" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ಅಜ್ಜಿಗೂ ಹೇಳಿಡಿ.

ಇನ್ನು ಆ ರಾಜಿ. ನೀವು ಸಹಿ ಹಾಕಿದ ಕಾಗದಕ್ಕೆ ಹೆದರಬೇಡಿ. ಮಗುವಿನ ಮೇಲೆ ನಡೆದ ಲೈಂಗಿಕ ಅಪರಾಧವನ್ನು ಅಪ್ಪ ಅಮ್ಮ, ಹೆಡ್‌ಮಾಸ್ಟರ್ ಕೂತು ಮುಗಿಸಲು ಬರುವುದಿಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣದಲ್ಲಿ ಹುಡುಗಿಯ ತಂದೆಯೇ ರಾಜಿಯಾಗಿದ್ದರು, ಹೈಕೋರ್ಟ್ ಕೇಸ್ ರದ್ದು ಮಾಡಿತ್ತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದುಹಾಕಿ, ಇಂಥದ್ದು ಎರಡು ಕಡೆಯವರ ಖಾಸಗಿ ಜಗಳವಲ್ಲ ಅಂದಿತು.

"ಅದು ನಿಜವಾದ ಫೋಟೋ ಅಲ್ವಲ್ಲ, ಎಡಿಟ್ ಮಾಡಿದ್ದು" ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪು. 2019ರ ತಿದ್ದುಪಡಿಯಿಂದ ಪೋಕ್ಸೊ ಕಾಯ್ದೆಯಲ್ಲಿ ಮಗುವಿನಂತೆ ಕಾಣುವ ಹಾಗೆ ಸೃಷ್ಟಿಸಿದ, ತಿದ್ದಿದ ಚಿತ್ರವೂ ಸೇರಿದೆ. ಅಂಥ ಚಿತ್ರ ತೋರಿಸಿ "ಹರಡ್ತೀನಿ" ಅಂತ ಬೆದರಿಸಿದರೆ ಅದೂ ಅಪರಾಧವೇ, ಹರಡುವವರೆಗೆ ಕಾಯಬೇಕಿಲ್ಲ.

ಈಗ ಶಾಲೆಯ ಪಾಲು. "ಶಾಲೆಯ ಹೊರಗೆ ನಡೆದಿದ್ದು" ಅನ್ನುವ ಮಾತು ಕೇಳಿ ಕೇಳಿ ನನಗೆ ಸಿಟ್ಟು ಬರುತ್ತದೆ. ಚಿತ್ರ ತಯಾರಾಗಿದ್ದು ಭಾನುವಾರ ಮನೆಯಲ್ಲೇ ಇರಬಹುದು. ಸೋಮವಾರ ಅವಳು ಕ್ಲಾಸಿಗೆ ಬಂದಾಗ ಹಿಂದಿನ ಬೆಂಚಿನಿಂದ ನಗು ಕೇಳಿದ್ದು ಎಲ್ಲಿ? ಅದು ಒತ್ತಟ್ಟಿಗಿರಲಿ. ಪೋಕ್ಸೊ 19ನೇ ಕಲಂ ಪ್ರಕಾರ ಇಂಥ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಅಪರಾಧ ಕಾಂಪೌಂಡಿನ ಒಳಗೋ ಹೊರಗೋ ಅಂತ ಕಾಯ್ದೆ ಕೇಳುವುದಿಲ್ಲ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು. ಅಂದರೆ ಹೆಡ್‌ಮಾಸ್ಟರ್ ನಿಮ್ಮ ಮಗಳ ಮೇಲೆ ಉಪಕಾರ ಮಾಡಿ ಕೇಸ್ ತಪ್ಪಿಸಿಲ್ಲ. ತಮ್ಮ ಕರ್ತವ್ಯ ತಪ್ಪಿಸಿದ್ದಾರೆ. ಜೊತೆಗೆ ಎಲ್ಲರ ಎದುರು ಡಿಲೀಟ್ ಮಾಡಿಸಿದ್ದು ಸಾಕ್ಷ್ಯ ಅಳಿಸಿದ ಹಾಗಾಗಿದೆ.

ಅಳಿಸಿದರೂ ಎಲ್ಲ ಹೋಗಿರುವುದಿಲ್ಲ. ಗ್ರೂಪಿನಲ್ಲಿ ಮೂವತ್ತು ಮಕ್ಕಳಿದ್ದರೆ ಒಂದೆರಡು ಫೋನಿನಲ್ಲಾದರೂ ಉಳಿದಿರುತ್ತದೆ. ನಕಲಿ ಖಾತೆ ಇದ್ದರೆ, ಅದನ್ನು ಮುಚ್ಚಿದ ಮೇಲೂ ನೋಂದಣಿ ಮಾಹಿತಿಯನ್ನು ಕಂಪನಿ 180 ದಿನ ಉಳಿಸಿಡಬೇಕು ಅಂತ 2021ರ ಐಟಿ ನಿಯಮ ಹೇಳುತ್ತದೆ. ಹಾಗಾಗಿ "ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಅನ್ನಬೇಡಿ. ದಿನ ಕಳೆದಷ್ಟೂ ನಷ್ಟ ನಿಮಗೇ.

ಇವತ್ತು ಸಂಜೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗ್ರೂಪು, ಯಾವ ನಂಬರು ಅಥವಾ ಯಾವ ಯೂಸರ್‌ನೇಮ್, ಮೊದಲು ಹೇಳಿದ ಗೆಳತಿ ಯಾರು, ಎಲ್ಲ ಬರೆಯಿರಿ. ಯೂಸರ್‌ನೇಮ್‌ನಲ್ಲಿರುವ ಚುಕ್ಕಿ, ಅಡಿಗೆರೆ ಕೂಡ ಬಿಡಬೇಡಿ. ಒಂದು ಚುಕ್ಕಿ ತಪ್ಪಿದರೆ ಅದು ಬೇರೆಯವರ ಖಾತೆ. ಮಾತಿನ ಚಾಟ್ ಇದ್ದರೆ ತಾರೀಖು, ನಂಬರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬೆತ್ತಲೆ ಚಿತ್ರವನ್ನು ಮಾತ್ರ ನಕಲು ಮಾಡಬೇಡಿ, ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗಂತೂ ಒಯ್ಯಲೇಬೇಡಿ. ಅದು ಬಂದ ಫೋನನ್ನೇ ಪೊಲೀಸರಿಗೆ ತೋರಿಸಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿನಲ್ಲಿ ಸ್ಕ್ರೀನ್‌ಶಾಟ್ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಫೋನ್ ಇದ್ದರೆ ಆ ಕೆಲಸ ಸಲೀಸು.

ಚಿತ್ರ ಇನ್‌ಸ್ಟಾಗ್ರಾಂ ಥರದ ಕಡೆ ಇನ್ನೂ ಇದ್ದರೆ ಅಲ್ಲೇ ರಿಪೋರ್ಟ್ ಮಾಡಿ. ಬೆತ್ತಲೆ ಚಿತ್ರ, ತಿದ್ದಿದ ಚಿತ್ರದ ದೂರು ಬಂದರೆ ತೆಗೆಯಲು 2021ರ ನಿಯಮ ಕಂಪನಿಗೆ ಮೊದಲು ಕೊಟ್ಟ ಗಡುವು 24 ಗಂಟೆ, 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು ಎರಡೇ ಗಂಟೆಗೆ ಇಳಿಸಿದೆ. ಅದಕ್ಕಿಂತ ಜಾಸ್ತಿ ಕಾಯಬೇಡಿ. 18 ತುಂಬದವರಿಗಾಗಿ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಗುರುತು ಸಂಖ್ಯೆ ಮಾತ್ರ ಹೋಗುತ್ತದೆ. ಒಪ್ಪಿಕೊಂಡ ಕಂಪನಿಗಳು ಆ ಗುರುತಿನ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪ್ ಚಾಟಿನೊಳಗೆ ಇದು ನಡೆಯುವುದಿಲ್ಲ.

ದೂರು ನಿಮ್ಮ ಊರಿನ ಠಾಣೆಗೂ ಕೊಡಬಹುದು, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಠಾಣೆಗೂ ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಹಾಕಬಹುದು. ಮಗಳನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಿಲ್ಲ. ಅವಳ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವಳಿಗೆ ಇಷ್ಟವಾದ ಜಾಗದಲ್ಲಿ, ಯೂನಿಫಾರ್ಮ್ ಇಲ್ಲದ ಅಧಿಕಾರಿ, ಆದಷ್ಟೂ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಇದನ್ನು ನೀವೇ ಬಾಯಿಬಿಟ್ಟು ಕೇಳಿ.

ಆಮೇಲೆ ಬಹಳ ಜನ ಎಡವುವ ಜಾಗ ಒಂದಿದೆ. "ಪೊಲೀಸರು ಎಫ್‌ಐಆರ್ ಹಾಕಲಿಲ್ಲ, ದುಡ್ಡು ತಿಂದಿದ್ದಾರೆ" ಅಂತ ಬರೆಯುತ್ತೀರಿ. ಮಾಡಿದವರು 18ರ ಒಳಗಿನ ಮಕ್ಕಳು ಅಂತ ಗೊತ್ತಿದ್ದು, ಅಪರಾಧ ಘೋರ ವರ್ಗಕ್ಕೆ (ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಜಾಸ್ತಿ ಇರುವುದು) ಸೇರದಿದ್ದರೆ, ದೊಡ್ಡವರು ಯಾರೂ ಜೊತೆಗಿಲ್ಲದಿದ್ದರೆ, ಎಫ್‌ಐಆರ್ ಬೇಡ ಅಂತ 2016ರ ಬಾಲನ್ಯಾಯ ಮಾದರಿ ನಿಯಮವೇ ಹೇಳುತ್ತದೆ. ದೂರನ್ನು ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಮಾಡಿ, 18ರ ಒಳಗಿನವರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಹಾಗಾಗಿ ಕೌಂಟರಿನಲ್ಲಿ ಜಗಳವಾಡುವ ಬದಲು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ, ದಿನಚರಿಯ ನಮೂದಿನ ಸಂಖ್ಯೆ ಬರೆದುಕೊಳ್ಳಿ. ನಕಲಿ ಖಾತೆ ಯಾರದ್ದೆಂದೇ ಗೊತ್ತಿಲ್ಲದಿದ್ದರೆ ಮಾತು ಬೇರೆ. ಅದು ಮಗುವೇ ಅಂತ ಊಹಿಸಿ ಎಫ್‌ಐಆರ್ ತಳ್ಳಿಹಾಕಲು ಬರುವುದಿಲ್ಲ.

ಮಂಡಳಿ ಆ ಹುಡುಗರನ್ನು ಜೈಲಿಗೆ ಕಳಿಸುವುದಿಲ್ಲ, ಕಳಿಸಲೂಬಾರದು. ಬುದ್ಧಿವಾದ, ಕೌನ್ಸೆಲಿಂಗ್, ಸಮುದಾಯ ಸೇವೆ, ನಿಗಾದಲ್ಲಿ ಬಿಡುವುದು, ಇಂಥ ಆದೇಶಗಳೇ ಜಾಸ್ತಿ. ನಿಮಗೆ ಇದು ಕಮ್ಮಿ ಅನ್ನಿಸಬಹುದು. ಆದರೆ ನಿಮ್ಮ ಮಗಳಿಗೆ ಆಗಿದ್ದು ತಪ್ಪು ಅಂತ ಒಂದು ಸರ್ಕಾರಿ ಪೀಠ ಬರೆದು ಹೇಳುತ್ತದೆ. ರಾಜಿ ಪತ್ರದಲ್ಲಿ "ತಮಾಷೆಗೆ ಮಾಡಿದ್ದು" ಅಂತ ಬರೆದಿರುತ್ತಾರೆ, ನೋಡಿ ಬೇಕಾದರೆ.

ಶಾಲೆಗೆ ಪ್ರತ್ಯೇಕ ಪತ್ರ ಕೊಡಿ. ಸೆಕ್ಷನ್ ಬದಲಾಗಬೇಕಾದ್ದು ಆ ಮೂವರದು, ಅವಳದಲ್ಲ. ಗೆಳತಿಯರನ್ನೂ, ಇಷ್ಟದ ಮೇಷ್ಟ್ರನ್ನೂ ಅವಳಿಂದಲೇ ಕಿತ್ತುಕೊಂಡರೆ ಶಿಕ್ಷೆ ಯಾರಿಗಾಯಿತು? ಸಿಬಿಎಸ್‌ಇ ಶಾಲೆಯಾದರೆ 2015ರ ಸುತ್ತೋಲೆ ಪ್ರಕಾರ ಗೇಲಿ-ಕಿರುಕುಳ ತಡೆಯಲು ಒಂದು ಸಮಿತಿ ಇರಬೇಕು, ಅದರ ಸದಸ್ಯರು ಯಾರು ಅಂತ ಲಿಖಿತವಾಗಿ ಕೇಳಿ. ಯಾವ ಬೋರ್ಡಿನ ಶಾಲೆಯಾದರೂ ಸರಿ, ಮಕ್ಕಳ ಸುರಕ್ಷತೆಗೆ ಆಡಳಿತವೇ ಹೊಣೆ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಪತ್ರದ ಪ್ರತಿಯ ಮೇಲೆ ಶಾಲೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ವಾರದಲ್ಲಿ ಉತ್ತರ ಬರದಿದ್ದರೆ ತಾಲೂಕಿನ ಶಿಕ್ಷಣಾಧಿಕಾರಿ (ಬಿಇಒ), ಅಲ್ಲಿಂದ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು (ಡಿಡಿಪಿಐ), ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಒಂದೇ ಒಂದು ಕೆಲಸ ಮಾಡಬೇಡಿ. ಸಿಟ್ಟಿನಲ್ಲಿ ಆ ಹುಡುಗರ ಹೆಸರು, ಫೋಟೋ ಪೋಷಕರ ಗ್ರೂಪಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅವರ ಗುರುತನ್ನೂ ಕಾಪಾಡುತ್ತದೆ. ಅಲ್ಲಿಗೆ ನೀವೇ ಆರೋಪಿ ಆಗುತ್ತೀರಿ.

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ಇಂಥದ್ದೇ ವಿಡಿಯೊ ಫಾರ್ವರ್ಡ್ ಮಾಡಿದ್ದಾನೆ. ಪೊಲೀಸರು ಕರೆದಿದ್ದಾರೆ. ಫೋನ್ ಫಾರ್ಮ್ಯಾಟ್ ಮಾಡಿಸಲಾ? ಅವನ ಭವಿಷ್ಯ ಹಾಳಾಗುತ್ತಾ? — ಬಳ್ಳಾರಿ

ಫಾರ್ಮ್ಯಾಟ್ ಮಾಡಿಸಬೇಡಿ. ಅವನು ಮಗು, ನೀವು ದೊಡ್ಡವರು. ಸಾಕ್ಷ್ಯ ಅಳಿಸಿದರೆ ನಿಮ್ಮ ಕೇಸ್ ದೊಡ್ಡವರ ಕೋರ್ಟಿನಲ್ಲಿ ನಡೆಯುತ್ತದೆ. ಮಗನನ್ನು ಲಾಕಪ್ಪಿಗೆ ಹಾಕುವ ಹಾಗಿಲ್ಲ, ಕೋಳ ತೊಡಿಸುವ ಹಾಗಿಲ್ಲ. ಬಾಲನ್ಯಾಯ ಮಂಡಳಿ ತಪ್ಪಿತಸ್ಥ ಅಂದರೂ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಅದು ಮುಂದೆ ಕೆಲಸಕ್ಕೆ, ಓದಿಗೆ ಅಡ್ಡ ಬರುವುದಿಲ್ಲ. ವಿನಾಯಿತಿ ಇರುವುದು 16 ದಾಟಿ, ಘೋರ ಅಪರಾಧದಲ್ಲಿ ದೊಡ್ಡವರಂತೆ ವಿಚಾರಣೆಗೆ ಹೋದವರಿಗೆ. ಹಾಗಾಗಿ ಅವನು ನಿಜ ಹೇಳಲಿ. ನೀವು ಎರಡು ಪುಟದ ಪತ್ರ ಬರೆದಿದ್ದೀರಿ, ಅದರಲ್ಲಿ ಆ ಹುಡುಗಿ ಹೇಗಿದ್ದಾಳೆ ಅಂತ ಒಂದು ಸಾಲೂ ಇಲ್ಲ. ಅದನ್ನು ಮಗನ ಜೊತೆ ಕೂತು ಮಾತಾಡಿ.

ಪ್ರಶ್ನೆ: ಮಗನನ್ನು ಕ್ಲಾಸ್ ಗ್ರೂಪಿನಲ್ಲಿ "ಡುಮ್ಮ" ಅಂತ ಗೇಲಿ ಮಾಡುತ್ತಾರೆ. ಯಾವ ಸೆಕ್ಷನ್ ಹಾಕಿಸಬಹುದು? — ಮೈಸೂರು

ಯಾವುದೂ ಬೇಡ. ಸೈಬರ್ ಕಿರುಕುಳ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಇದು ಶಾಲೆ ಬಗೆಹರಿಸಬೇಕಾದ ವಿಷಯ, ಮೇಲೆ ಹೇಳಿದ ಪತ್ರದಿಂದ ಶುರು ಮಾಡಿ. ಆದರೆ ಕೊಲೆ ಬೆದರಿಕೆ, ಹಣ ಕೀಳುವುದು, ಹುಡುಗಿಯನ್ನು ಬಿಡದೆ ಆನ್‌ಲೈನಿನಲ್ಲಿ ಹಿಂಬಾಲಿಸುವುದು ಬಂದರೆ ಭಾರತೀಯ ನ್ಯಾಯ ಸಂಹಿತೆ ಇದೆ. ಪರಿಶಿಷ್ಟ ಜಾತಿ, ಪಂಗಡದ ಮಗುವನ್ನು ಬೇರೆ ಜಾತಿಯವರು ಜಾತಿ ಹಿಡಿದು ಹೀಯಾಳಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದನ್ನು "ಮಕ್ಕಳಾಟ" ಅಂತ ಯಾವ ಶಾಲೆ ಹೇಳಿದರೂ ಒಪ್ಪಬೇಡಿ.

ಪ್ರಶ್ನೆ: ಏಳನೇ ಕ್ಲಾಸಿನ ಹುಡುಗನೊಬ್ಬ ಕಾಟ ಕೊಡುತ್ತಾನೆ. ಟಿಸಿ ಕೊಟ್ಟು ಕಳಿಸಿ ಅಂತ ಒತ್ತಾಯಿಸಬಹುದಾ?

ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವ ಹಾಗಿಲ್ಲ.

ಪ್ರಶ್ನೆ: ಐಟಿ ಕಾಯ್ದೆಯ 66ಎ ಅಡಿಯಲ್ಲಿ ದೂರು ಬರೆದುಕೊಡಿ.

ಆಕ್ಷೇಪಾರ್ಹ ಸಂದೇಶ ಕಳಿಸಿದವರ ಮೇಲೆ ಹಾಕುತ್ತಿದ್ದ 66ಎ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಇನ್ನೂ ಅದನ್ನೇ ಬರೆದುಕೊಡುವ ಟೈಪಿಂಗ್ ಅಂಗಡಿಯವರಿಗೂ ತಿಳಿಸಿ.

ಪ್ರಶ್ನೆ: ನಾನು ಶಿಕ್ಷಕಿ, ಕ್ಲಾಸ್ ಗ್ರೂಪಿನ ಅಡ್ಮಿನ್. ಮಕ್ಕಳು ಏನೋ ಹಾಕಿದರೆ ನನ್ನನ್ನು ಹಿಡಿಯುತ್ತಾರಾ?

ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ. ಬಾಂಬೆ ಮತ್ತು ಕೇರಳ ಹೈಕೋರ್ಟುಗಳು ಹಾಗೇ ಹೇಳಿವೆ. ಆದರೆ ನೋಡಿಯೂ ಸುಮ್ನೆ ಇರಬೇಡಿ, ಪೋಕ್ಸೊ ವಿಷಯವಾದರೆ ತಿಳಿಸುವ ಹೊಣೆ ನಿಮ್ಮದೂ ಹೌದು. ಮಗುವಿನ ಫೋನ್ ಕಿತ್ತುಕೊಂಡರೆ ಆಫ್ ಮಾಡಿ ಪೋಷಕರಿಗೋ ಪೊಲೀಸರಿಗೋ ಕೊಡಿ. ಗ್ಯಾಲರಿ ತೆರೆದು ನೋಡುವುದು, ಸ್ಟಾಫ್ ಗ್ರೂಪಿಗೆ ಹಾಕಿ "ನೋಡಿ ಈಗಿನ ಮಕ್ಕಳು" ಅನ್ನುವುದು ಬೇಡವೇ ಬೇಡ.

ಪ್ರಶ್ನೆ: ಒಬ್ಬ ಸೈಬರ್ ಎಕ್ಸ್‌ಪರ್ಟ್ 5,000 ಕೊಟ್ಟರೆ ನಕಲಿ ಖಾತೆ ಹ್ಯಾಕ್ ಮಾಡಿ ತೆಗೀತೀನಿ, ಯಾರು ಅಂತಲೂ ಹೇಳ್ತೀನಿ ಅಂತಾನೆ. ಕೊಡಲಾ? — ದಾವಣಗೆರೆ

ಕೊಡಬೇಡಿ. ಖಾತೆ ಯಾರದು ಅನ್ನುವ ಮಾಹಿತಿಯನ್ನು ಕಂಪನಿ ಪೊಲೀಸರಿಗೆ ಕೊಡುತ್ತದೆ, ರೀಲ್ಸ್ ಮಾಡುವ ಎಕ್ಸ್‌ಪರ್ಟಿಗಲ್ಲ. ಇನ್ನೊಬ್ಬರ ಖಾತೆ ಹ್ಯಾಕ್ ಮಾಡುವುದು ಅಪರಾಧ, ಮಾಡಿಸಿದವರೂ ಸಿಕ್ಕಿಬೀಳುತ್ತಾರೆ. ಇಂಥವರು ಮೊದಲು ಹಣ ಕೇಳುತ್ತಾರೆ, ಆಮೇಲೆ ಓಟಿಪಿ ಕೇಳುತ್ತಾರೆ, ಕೊನೆಗೆ ಮಗಳ ಚಿತ್ರವನ್ನೇ ಕೇಳುತ್ತಾರೆ. ಆ ಚಿತ್ರ ಅವನ ಕೈಗೆ ಹೋದ ಮೇಲೆ ಬೆದರಿಸುವವನು ಅವನೇ ಆಗಬಹುದು. ಈಗಾಗಲೇ ಹಣ ಹಾಕಿದ್ದರೆ ಇದನ್ನು ಓದಿ ಮುಗಿಸುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.